ಗುಂಪಿನಲ್ಲಿ ಹೋದಾಗ ಕಿತ್ತುಕೊಂಡು ಓಡುವ ಕುದುರೆ: ದೋಷ ಎಲ್ಲಿದೆ ಎಂದು ಹುಡುಕುವುದು ಹೇಗೆ

ಒಂಟಿಯಾಗಿ ಕರೆದುಕೊಂಡು ಹೋದರೆ ಹಸುವಿನಷ್ಟು ಸಾಧು. ಬೇಲಿ ಹಾಕಿದ ಅರೀನಾದಲ್ಲಿ ಸವಾರ ಉಸಿರು ಬಿಟ್ಟರೆ ಸಾಕು, ನಿಲ್ಲುತ್ತದೆ. ಅದೇ ಕುದುರೆಯನ್ನು ಭಾನುವಾರ ಬೆಳಿಗ್ಗೆ ಇನ್ನು ನಾಲ್ಕರ ಜೊತೆ ಊರಾಚೆ ಕರೆದೊಯ್ಯಿರಿ. ಹತ್ತೇ ನಿಮಿಷ. ಕತ್ತು ಬಿಲ್ಲಾಗುತ್ತದೆ, ಹೆಜ್ಜೆ ಅಡ್ಡಡ್ಡ ಬೀಳುತ್ತದೆ, ಲಗಾಮು ಉಜ್ಜುವ ಜಾಗದಲ್ಲಿ ಬೆವರು ಬೆಳ್ಳಗೆ ನೊರೆಯಾಗಿ ಮೆತ್ತಿಕೊಳ್ಳುತ್ತದೆ. ಮುಂದಿನವರು ಹದವಾದ ಓಟಕ್ಕೆ, ಅಂದರೆ ಕ್ಯಾಂಟರ್‌ಗೆ ಹೋದರೋ, ಕೈಯಿಂದ ಲಗಾಮು ಕಿತ್ತುಕೊಂಡು ನಾಗಾಲೋಟ.

ನಮ್ಮ ಕರಿಯ ಹೀಗೇ ಇದ್ದ. ರೇಸಿನಿಂದ ನಿವೃತ್ತನಾಗಿ ಬಂದ ಥರೋಬ್ರೆಡ್ (ರೇಸಿಗೆಂದೇ ಬೆಳೆಸುವ ತಳಿ), ಗೆಲ್ಡಿಂಗ್ (ಬೀಜ ತೆಗೆದ ಗಂಡು), ಆರು ವರ್ಷ. ಬೆಂಗಳೂರಿನ ಹೊರಗೆ ನಾವು ಕೆಲವರು ಸೇರಿ ನಡೆಸುವ ಪುಟ್ಟ ಲಾಯದಲ್ಲಿ ಅವನಿಗೆ ಒಂದು ವರ್ಷ ತಪ್ಪು ಮದ್ದು ಕೊಟ್ಟೆವು. ಕಡಿವಾಣ, ಅಂದರೆ ಬಾಯೊಳಗೆ ಕೂರುವ ಕಬ್ಬಿಣ, ಮೂರು ಸಲ ಬದಲಾಯಿತು. ಕಾಳು ಕಡಿಮೆ ಮಾಡಿದೆವು. ಸವಾರನನ್ನೂ ಬದಲಾಯಿಸಿದೆವು. ಎಲ್ಲವನ್ನೂ ಒಟ್ಟೊಟ್ಟಿಗೆ ಮಾಡಿದ್ದರಿಂದ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂಬುದೇ ಗೊತ್ತಾಗಲಿಲ್ಲ. ಎರಡನೇ ವರ್ಷ ಬುದ್ಧಿ ಬಂತು. ಆಗ ಒಂದೊಂದಾಗಿ ನೋಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದಕ್ಕೂ ಮುಂಚೆ: ಈಗಲೇ ಓಡುತ್ತಿದ್ದರೆ

ಕಾರಣ ಹುಡುಕುವಷ್ಟರಲ್ಲಿ ಇನ್ನೊಂದು ಸಲ ಓಡುತ್ತದೆ, ಗ್ಯಾರಂಟಿ. ಹಾಗಾಗಿ ಇದು ಮೊದಲು.

ಎರಡೂ ಲಗಾಮನ್ನು ಒಟ್ಟಿಗೆ ಹಿಡಿದು ಜೋತುಬೀಳಬೇಡಿ. ಕೈ ತಾನಾಗಿ ಅದನ್ನೇ ಮಾಡುತ್ತದೆ, ಗೊತ್ತು. ಆದರೆ 450 ಕಿಲೋ ತೂಕದ ಪ್ರಾಣಿಯ ಜೊತೆ ಹಗ್ಗಜಗ್ಗಾಟ ಆಡಿ ಗೆಲ್ಲುವವರಿಲ್ಲ. ನೀವು ಬಿಗಿಯಾಗಿ ಹಿಡಿದಷ್ಟೂ ಅದಕ್ಕೆ ಒರಗಿಕೊಳ್ಳಲು ಒಂದು ಆಧಾರ ಸಿಕ್ಕಂತಾಗುತ್ತದೆ.

ಮಾಡಬೇಕಾದ್ದು ಇದು. ಹಿಮ್ಮಡಿ ಕೆಳಗೆ, ಕಾಲು ಸ್ವಲ್ಪ ಮುಂದೆ, ಸೊಂಟ ಜೀನಿಗೆ ಅಂಟಿರಲಿ. ಮುಂದಕ್ಕೆ ಬಾಗಬೇಡಿ. ಎಡಗೈಯ ಲಗಾಮನ್ನು ಗಿಡ್ಡ ಹಿಡಿದು, ಬೆರಳ ಗೆಣ್ಣುಗಳನ್ನು ಜೂಲಿನ ಬುಡಕ್ಕೆ ಒತ್ತಿ ಊರಿ. ಆ ಕೈ ಅಲ್ಲಾಡಬಾರದು. ಬಲಗೈಯ ಲಗಾಮನ್ನೂ ಗಿಡ್ಡ ಮಾಡಿಕೊಂಡು ಮೇಲಕ್ಕೆ, ಹಿಂದಕ್ಕೆ ಒಮ್ಮೆ ಜೋರಾಗಿ ಎಳೆದು ತಕ್ಷಣ ಬಿಡಿ. ಮತ್ತೆ ಎಳೆಯಿರಿ, ಮತ್ತೆ ಬಿಡಿ. ಬಿಡುವುದು ಎಳೆಯುವಷ್ಟೇ ಮುಖ್ಯ. ಬಯಲಿದ್ದರೆ ದೊಡ್ಡ ಸುತ್ತು ಹಾಕಿ, ಸುತ್ತನ್ನು ನಿಧಾನವಾಗಿ ಕಿರಿದು ಮಾಡುತ್ತಾ ಬನ್ನಿ. ದಿಬ್ಬ ಕಂಡರೆ ಅದರ ಕಡೆ ತಿರುಗಿಸಿ.

ಒಂದೇ ಲಗಾಮಿನಿಂದ ಕತ್ತನ್ನು ಸವಾರನ ಮೊಣಕಾಲಿನವರೆಗೆ ತಿರುಗಿಸಿ ನಿಲ್ಲಿಸುವ ಉಪಾಯವನ್ನು ತುಂಬಾ ಜನ ಹೇಳಿಕೊಡುತ್ತಾರೆ. ಅದು ನಡಿಗೆಯಲ್ಲಿ, ಟ್ರಾಟಿನಲ್ಲಿ (ನಡಿಗೆಗೂ ಕ್ಯಾಂಟರಿಗೂ ನಡುವಿನ ವೇಗ), ಓಟ ಶುರುವಾಗುವ ಮೊದಲ ಎರಡು ಮೂರು ಹೆಜ್ಜೆಗಳಲ್ಲಿ ಸರಿ. ಪೂರ್ತಿ ವೇಗಕ್ಕೆ ಬಂದ ಮೇಲೆ ಹಾಗೆ ಮಾಡಿದರೆ ಕುದುರೆ ಆಯ ತಪ್ಪಿ ನಿಮ್ಮ ಮೇಲೇ ಬೀಳಬಹುದು. ಡಾಂಬರು ರಸ್ತೆಯಲ್ಲಂತೂ ಬೇಡವೇ ಬೇಡ. ಲಾಳ ಹಾಕಿದ ಗೊರಸು ಅಲ್ಲಿ ಸೋಪಿನ ಹಾಗೆ ಜಾರುತ್ತದೆ.

ಜೊತೆಯವರ ಕೆಲಸ ಒಂದೇ: ನಿಲ್ಲುವುದು. ಹಿಂದೆ ಬಿದ್ದು ಹಿಡಿಯಲು ಹೋಗಬಾರದು. ಹಿಂದಿನಿಂದ ಗೊರಸಿನ ಸದ್ದು ಕೇಳಿದರೆ ಓಡುವ ಕುದುರೆಗೆ ಅದು ಪಂದ್ಯ. ಕಾಪಾಡಲು ಬಂದ ಗೆಳೆಯನೇ ಎರಡನೇ ಕಿಲೋಮೀಟರ್ ಓಡಿಸಿದ್ದನ್ನು ನಾನು ಅನುಭವಿಸಿದ್ದೇನೆ.

ಯಾವ ಥರದ ಓಟ?

"ಬೋಲ್ಟ್ ಆಯ್ತು" ಎಂದು ಲಾಯದಲ್ಲಿ ಎಲ್ಲದಕ್ಕೂ ಹೇಳುತ್ತೇವೆ. ಆದರೆ ಅದರಲ್ಲಿ ಮೂರು ಬಗೆ ಇದೆ, ಮೂರಕ್ಕೂ ದಾರಿ ಬೇರೆ.

ಬರೀ ಜೋರು ಮಾಡುವುದು ಒಂದು. ಕುದುರೆ ಎಳೆಯುತ್ತದೆ, ಕುಣಿಯುತ್ತದೆ, ನಿಮ್ಮ ತೋಳು ಬಿದ್ದುಹೋಗುತ್ತದೆ, ಆದರೂ ಕೈಯಲ್ಲಿದೆ. ಎರಡನೆಯದು ಕಿತ್ತುಕೊಂಡು ಹೋಗುವುದು. ನಿಮ್ಮ ಮಾತು ಕೇಳುತ್ತಿಲ್ಲ, ಆದರೆ ಅದಕ್ಕೆ ಕಣ್ಣಿದೆ, ಬುದ್ಧಿಯಿದೆ. ಗುಂಡಿ ಬಂದರೆ ತಪ್ಪಿಸುತ್ತದೆ. ಬೇರೆ ಕುದುರೆಗಳನ್ನು ಮುಟ್ಟಿದ ಮೇಲೆ, ಅಥವಾ ಅವು ನಿಂತರೆ, ತಾನೂ ನಿಧಾನ ಮಾಡುತ್ತದೆ. ಕಿವಿ ಮುಂದೆ ಇರುತ್ತದೆ, ಒಮ್ಮೊಮ್ಮೆ ಒಂದು ಕಿವಿ ನಿಮ್ಮ ಕಡೆ ತಿರುಗುತ್ತದೆ. ಮೂರನೆಯದು ಕುರುಡು ಓಟ. ಅದಕ್ಕೆ ಏನೂ ಕಾಣುವುದಿಲ್ಲ. ಬೇಲಿ, ಗೋಡೆ, ಲಾರಿ, ಎಲ್ಲಾ ಒಂದೇ. ಜೊತೆಯ ಕುದುರೆಗಳನ್ನು ದಾಟಿ, ಅವನ್ನೂ ಬಿಟ್ಟು ಹೋಗುತ್ತದೆ.

ಮೂರನೆಯದು ನಿಮ್ಮದಾದರೆ ಇನ್ನೊಂದು ಸಲ ಹತ್ತಬೇಡಿ. ಅದು ಬಹುಪಾಲು ಭಯ ಅಥವಾ ನೋವಿನ ಓಟ. ಡಾಕ್ಟರ್ ನೋಡುವ ತನಕ ಸವಾರಿ ನಿಲ್ಲಲಿ. ಅದೃಷ್ಟಕ್ಕೆ ಇದು ಅಪರೂಪ. ಗುಂಪಿನಲ್ಲಿ ಮಾತ್ರ ಓಡುವ, ಒಂಟಿಯಾಗಿದ್ದಾಗ ಸರಿಯಿರುವ ಕುದುರೆಗಳು ಹೆಚ್ಚಾಗಿ ಎರಡನೇ ಬಗೆಯವು. ಕರಿಯನೂ ಅದೇ. ರಾಗಿ ಹೊಲದ ಅಂಚಿನಲ್ಲಿ ಒಮ್ಮೆ ನನ್ನನ್ನು ಹೊತ್ತುಕೊಂಡು ಹಾರಿದವನು, ದಾರಿಯಲ್ಲಿ ಬಿದ್ದಿದ್ದ ಹನಿ ನೀರಾವರಿ ಪೈಪಿನ ಸುರುಳಿಯನ್ನು ಎಷ್ಟು ಚೆನ್ನಾಗಿ ಬಳಸಿಕೊಂಡು ಹೋದ ಎಂದರೆ, ಭಯದ ನಡುವೆಯೂ ನನಗೆ "ಅಯ್ಯೋ, ಇವನಿಗೆ ಎಲ್ಲಾ ಗೊತ್ತಾಗ್ತಿದೆ" ಅನಿಸಿತು.

ನೋಟ್‌ಬುಕ್ಕು

ಇದು ಬೇಜಾರಿನ ಕೆಲಸ, ಆದರೆ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಇಲ್ಲ. ಪ್ರತಿ ಸಲ ಓಡಿದಾಗ, ಓಡಲು ನೋಡಿದಾಗ ಬರೆದಿಡಿ. ಎಷ್ಟನೇ ಜಾಗದಲ್ಲಿದ್ದ? ಮುಂದಿನ ಕುದುರೆ ಎಷ್ಟು ದೂರ? ಯಾವ ಕಡೆಯಿಂದ ಯಾರು ಬಂದರು? ಮನೆ ಕಡೆ ಮುಖವೋ, ಬೆನ್ನೋ? ನೆಲ ಹುಲ್ಲೋ, ಮಣ್ಣೋ? ನಡಿಗೆಯೋ, ಟ್ರಾಟೋ, ಕ್ಯಾಂಟರೋ? ಹಿಂದಿನ ದಿನ ಕೆಲಸ ಇತ್ತಾ? ಗಾಳಿ ಇತ್ತಾ? ಆಷಾಢದ ಗಾಳಿಗೆ ಎಂಥ ಮುದಿ ಕುದುರೆಯೂ ಮರಿಯಾಗುತ್ತದೆ, ಅದನ್ನು ದೋಷಕ್ಕೆ ಸೇರಿಸಬೇಡಿ.

ನನ್ನ ಪುಸ್ತಕದಲ್ಲಿ ಹನ್ನೊಂದು ಸಲ ಆದ ಮೇಲೆ ಕೂತು ಓದಿದೆ. "ಗುಂಪಿನಲ್ಲಿ ಹುಚ್ಚಾಟ" ಎಂದು ಒಂದು ವರ್ಷ ಹೇಳಿಕೊಂಡು ತಿರುಗಿದ್ದೆನಲ್ಲ, ಗುಂಪು ಒಂದೇ ನೆಪವಾಗಿರಲಿಲ್ಲ. ಹನ್ನೊಂದರಲ್ಲಿ ಒಂಬತ್ತು ಸಲ ಅವನು ಹಿಂದೆ ಇದ್ದ, ಮುಂದಿನ ಕುದುರೆ ಕ್ಯಾಂಟರ್‌ಗೆ ಹೋಗಿ ನಡುವಿನ ಅಂತರ ಹೆಚ್ಚಾಗಿತ್ತು. ಮುಂದೆ ಇದ್ದಾಗ ಒಮ್ಮೆಯೂ ಓಡಿರಲಿಲ್ಲ. ಉಳಿದ ಎರಡು ಸಲ ಯಾರೋ ಹಿಂದಿನಿಂದ ಎಡಗಡೆ ದಾಟಿ ಹೋಗಿದ್ದರು.

ಈ ವಿವರ ಕುದುರೆಯಿಂದ ಕುದುರೆಗೆ ಬದಲಾಗುತ್ತದೆ, ಕಾರಣವೂ ಅದರಲ್ಲೇ ಇರುತ್ತದೆ. ಹಿಂದೆ ಉಳಿದಾಗ ಓಡುವ ಕುದುರೆಗೆ ಒಂಟಿಯಾಗುವ ದಿಗಿಲು, ಅಥವಾ ಪಂದ್ಯದ ಅಭ್ಯಾಸ. ಹಿಂದಿನಿಂದ ಯಾರಾದರೂ ಹತ್ತಿರ ಬಂದಾಗ ಓಡುವುದಕ್ಕೆ ಒದೆ ತಿಂದ ನೆನಪೋ, ಕಣ್ಣಿನ ತೊಂದರೆಯೋ ಇರಬಹುದು. ಮನೆ ಕಡೆ ತಿರುಗಿದಾಗ ಮಾತ್ರ ಓಡಿದರೆ ಬುಟ್ಟಿಯಲ್ಲಿರುವ ಕಾಳು ನೆನಪಾಗಿದೆ ಅಷ್ಟೇ. ಒಂದೇ ಜಾಗದಲ್ಲಿ ಓಡಿದರೆ ಅಲ್ಲಿ ನೀವೇ ಪ್ರತಿ ವಾರ ಓಡಿಸಿದ್ದೀರಿ. ಕ್ಯಾಂಟರ್‌ನಲ್ಲಿ ಮಾತ್ರ, ಯಾವ ಜಾಗದಲ್ಲಿದ್ದರೂ ಓಡಿದರೆ ಮೊದಲು ಬೆನ್ನು ನೋಡಿ.

ನೋವು ಇದೆಯಾ?

ಗುಂಪಿನಲ್ಲಿ ಮಾತ್ರ ಓಡುತ್ತದೆ, ಹಾಗಾಗಿ ನೋವು ಇರಲಾರದು ಎಂದು ನಾವು ಅಂದುಕೊಂಡಿದ್ದೆವು. ತಪ್ಪು. ಒಂಟಿಯಾಗಿದ್ದಾಗ ಕುದುರೆ ನೋವನ್ನು ನುಂಗಿಕೊಂಡು ನಿಧಾನವಾಗಿ ನಡೆಯುತ್ತದೆ. ಗುಂಪಿನಲ್ಲಿ ಮೈ ಬಿಗಿಯಾದಾಗ, ವೇಗ ಹೆಚ್ಚಾದಾಗ ಅದೇ ನೋವು ಚುಚ್ಚುತ್ತದೆ. ನೋವಿಗೆ ಕುದುರೆಗೆ ಗೊತ್ತಿರುವ ಉತ್ತರ ಓಡುವುದೊಂದೇ.

ಜೀನಿನಿಂದ ಶುರು ಮಾಡಿ. ಕೆಳಗಿನ ಬಟ್ಟೆ ತೆಗೆದು, ಬರೀ ಬೆನ್ನ ಮೇಲೆ ಇಟ್ಟು ನೋಡಿ. ಹೆಗಲಿನ ಉಬ್ಬಿಗೂ ಜೀನಿಗೂ ನಡುವೆ ಎರಡು ಮೂರು ಬೆರಳು ಹೋಗಬೇಕು, ಸವಾರ ಕೂತ ಮೇಲೂ ಜಾಗ ಉಳಿಯಬೇಕು. ನಂತರ ಬೆನ್ನುಮೂಳೆಯ ಎರಡೂ ಬದಿ, ಬೆನ್ನೆಲುಬಿನಿಂದ ನಾಲ್ಕು ಬೆರಳು ಬಿಟ್ಟು, ಹೆಬ್ಬೆರಳಿನ ಮೆತ್ತನೆ ಭಾಗದಿಂದ ಒತ್ತುತ್ತಾ ಸಾಗಿ. ಉಗುರು ತಾಗಬಾರದು. ನಾನು ಹೀಗೆ ಒತ್ತುತ್ತಾ ಬಂದಾಗ ಕರಿಯನ ಬಲ ಹೆಗಲ ಹಿಂದೆ, ಜೀನಿನ ಮುಂಭಾಗ ಕೂರುವ ಕಡೆ, ಚರ್ಮ ನೊಣ ಕೂತ ಹಾಗೆ ನಡುಗಿತು. ಇನ್ನೊಮ್ಮೆ ಒತ್ತಿದೆ. ಬೆನ್ನು ಕೆಳಗೆ ಬಾಗಿಸಿ, ಕಿವಿ ಹಿಂದಕ್ಕೆ ಒರಗಿಸಿ, ತಲೆ ತಿರುಗಿಸಿ ನನ್ನನ್ನೇ ನೋಡಿದ. ಎಡಗಡೆ ಏನೂ ಇಲ್ಲ. ಜೀನು ಅವನಿಗೆ ಕಿರಿದಾಗಿತ್ತು. ರೇಸಿನಿಂದ ಬಂದಾಗ ಸಣಕಲಾಗಿದ್ದವನು ಒಂದು ವರ್ಷದಲ್ಲಿ ಮೈ ತುಂಬಿಕೊಂಡಿದ್ದ, ನಾವು ಅದೇ ಜೀನು ಬಿಗಿಯುತ್ತಿದ್ದೆವು.

ಬಾಯಿ ನೋಡಿಸಿ. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆ ಕೊಯ್ಯುತ್ತಿರಬಹುದು. ಮೊದಲ ದವಡೆ ಹಲ್ಲಿನ ಮುಂದೆ ಕೆಲವು ಕುದುರೆಗಳಿಗೆ ಪುಟ್ಟ ತೋಳಹಲ್ಲು ಇರುತ್ತದೆ, ಕಡಿವಾಣ ಅದಕ್ಕೆ ಬಡಿದರೆ ಕಣ್ಣಲ್ಲಿ ನೀರು ಬರುವಷ್ಟು ನೋವು. ವರ್ಷಕ್ಕೊಮ್ಮೆಯಾದರೂ ಹಲ್ಲಿನ ಚೂಪನ್ನು ಅರದಿಂದ ಉಜ್ಜಿಸಬೇಕು. ಕಡಿವಾಣ ಬಾಯಿಗಿಂತ ಎರಡೂ ಕಡೆ ಅರ್ಧ ಸೆಂಟಿಮೀಟರ್ ಹೊರಗೆ ಇರಲಿ, ತುಟಿ ಚಿವುಟಬಾರದು.

ಹೊಟ್ಟೆ ಹುಣ್ಣು ರೇಸ್ ಕುದುರೆಗಳಲ್ಲಿ ಸರ್ವೇಸಾಮಾನ್ಯ. ತರಬೇತಿಯಲ್ಲಿರುವವುಗಳಲ್ಲಿ ಅರ್ಧಕ್ಕಿಂತ ಜಾಸ್ತಿಗೆ ಇರುತ್ತದೆ. ಕುದುರೆಯ ಹೊಟ್ಟೆಯಲ್ಲಿ ಆಮ್ಲ ಹಗಲೂ ರಾತ್ರಿ ಜಿನುಗುತ್ತದೆ, ತಿಂದರೂ ತಿನ್ನದಿದ್ದರೂ. ಅಗಿಯುವಾಗ ಬರುವ ಜೊಲ್ಲು ಅದನ್ನು ತಣ್ಣಗೆ ಮಾಡಬೇಕು. ಖಾಲಿ ಹೊಟ್ಟೆಯಲ್ಲಿ ಕ್ಯಾಂಟರ್ ಮಾಡಿದರೆ ಆಮ್ಲ ಮೇಲಕ್ಕೆ ಎರಚುತ್ತದೆ. ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬರುವುದು, ಕಾಳು ಅರ್ಧಕ್ಕೆ ಬಿಡುವುದು, ಮೈಗೆ ಹೊಳಪಿಲ್ಲದಿರುವುದು ಕಂಡರೆ ಅನುಮಾನ ಪಡಿ. ಪತ್ತೆ ಖಚಿತ ಆಗುವುದು ಎಂಡೋಸ್ಕೋಪಿಯಲ್ಲಿ. ಅದಕ್ಕೆ ಮುಂಚೆ ಖರ್ಚಿಲ್ಲದೆ ಮಾಡಬಹುದಾದ್ದು: ಹತ್ತುವ ಮೊದಲು ಒಂದು ಮುಷ್ಟಿ ಎರಡು ಮುಷ್ಟಿ ಕುದುರೆ ಮೆಂತ್ಯದ ಸೊಪ್ಪೋ ಒಣಹುಲ್ಲೋ ತಿನ್ನಿಸುವುದು. ನಾವು "ಓಡುವ ಮುಂಚೆ ತಿನ್ನಿಸಬಾರದು" ಎಂದು ಉಪವಾಸ ಕರೆದೊಯ್ಯುತ್ತಿದ್ದೆವು!

ಕಣ್ಣನ್ನು ಜನ ಮರೆತೇಬಿಡುತ್ತಾರೆ. ಕುದುರೆಗೆ ಹತ್ತಿರಹತ್ತಿರ 350 ಡಿಗ್ರಿ ಸುತ್ತ ಕಾಣುತ್ತದೆ. ಮೂಗಿನ ನೇರ ಮುಂದೆ ಮತ್ತು ಬಾಲದ ನೇರ ಹಿಂದೆ ಮಾತ್ರ ಕತ್ತಲು. ಒಂದು ಕಣ್ಣು ಮಂಜಾದರೆ ಆ ಕಡೆಯಿಂದ ಬರುವ ಕುದುರೆ ಅದಕ್ಕೆ ಭೂಮಿಯಿಂದ ಎದ್ದು ಬಂದಂತೆ. ಯಾವಾಗಲೂ ಒಂದೇ ಬದಿಯಿಂದ ದಾಟಿದಾಗ ಓಡುತ್ತಿದ್ದರೆ ಡಾಕ್ಟರಿಗೆ ಆ ಕಣ್ಣು ತೋರಿಸಿ. ಕರಿಯನ ಎಡಗಣ್ಣಿನ ಮೇಲೆ ನನಗೂ ಅನುಮಾನ ಬಂದಿತ್ತು, ಆದರೆ ಸರಿಯಿತ್ತು.

ಜೀನು ಬದಲಾದ ಮೇಲೆ ಅವನ ಓಟ ಅರ್ಧಕ್ಕೆ ಇಳಿಯಿತು. ನಿಲ್ಲಲಿಲ್ಲ.

ಕಾಳು ಮತ್ತು ಕಟ್ಟಿಹಾಕುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಕುದುರೆ ಕೊಬ್ಬಿದರೆ ನಮ್ಮಲ್ಲಿ ಎಲ್ಲರೂ ಹುರುಳಿಯನ್ನು ಬೈಯುತ್ತಾರೆ. ತಪ್ಪು ಹುರುಳಿಯದಲ್ಲ, ಲೆಕ್ಕದ್ದು. ದಿನಕ್ಕೆ ಒಂದು ಗಂಟೆ ನಡೆಯುವ ಕುದುರೆಗೆ ರೇಸ್ ಕುದುರೆಯ ಓಟ್ಸ್ ಹಾಕಿದರೆ ಅದು ಎಲ್ಲಿಗೆ ಹೋಗಬೇಕು? ಮೊದಲು ಹುಲ್ಲು ತುಂಬಿಸಿ. ಮೈತೂಕದ ನೂರಕ್ಕೆ ಒಂದೂವರೆ ಪಾಲಾದರೂ ಒಣ ಮೇವು ಹೋಗಬೇಕು, ಅಂದರೆ 450 ಕಿಲೋ ಕುದುರೆಗೆ ದಿನಕ್ಕೆ ಹೆಚ್ಚುಕಡಿಮೆ ಏಳು ಕಿಲೋ. ಅದಾದ ಮೇಲೆ ಮೈ ಇಳಿದರೆ ಮಾತ್ರ ಕಾಳು.

ಕಟ್ಟು ಬಿಚ್ಚಿ ಹೊರಗೆ ಬಿಡುವುದು ಇನ್ನೂ ಮುಖ್ಯ. ನಮ್ಮ ಲಾಯಕ್ಕೆ ಸೋಮವಾರ ರಜೆ. ನನ್ನ ಪುಸ್ತಕದ ಹನ್ನೊಂದರಲ್ಲಿ ನಾಲ್ಕು ಮಂಗಳವಾರಗಳು. ಇಪ್ಪತ್ತೆರಡು ಗಂಟೆ ನಾಲ್ಕು ಗೋಡೆ ನೋಡಿಕೊಂಡು ನಿಂತ ಪ್ರಾಣಿ ಅದು. ದಿನಕ್ಕೆ ಎರಡು ಗಂಟೆ ಬೇಲಿಯೊಳಗೆ ಬೇರೆ ಕುದುರೆಯ ಜೊತೆ ಬಿಟ್ಟರೂ ಗುಂಪಿನ ಮೇಲಿನ ಹಸಿವು ತಗ್ಗುತ್ತದೆ.

"ಅವನು ಕೆಲ್ಸ ಮಾಡ್ತಾ ಇದಾನೆ"

ಇಷ್ಟಾದರೂ ಉಳಿದಿದ್ದ ಅರ್ಧಕ್ಕೆ ಉತ್ತರ ಸಿಕ್ಕಿದ್ದು ನಮ್ಮ ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್ ಚಾಚಾ ಅವರಿಂದ. ಅವರು ಹಿಂದೆ ರೇಸ್ ಲಾಯಗಳಲ್ಲಿ ಕೆಲಸ ಮಾಡಿದವರು. ಒಂದು ದಿನ ನಾನು ಕೈಗೆ ಎದ್ದ ಬೊಬ್ಬೆ ತೋರಿಸಿ ಕರಿಯನನ್ನು ಬೈಯುತ್ತಿದ್ದಾಗ, ಗೊರಸು ತೊಳೆಯುತ್ತಲೇ ಹೇಳಿದರು:

"ಸಾರ್, ಅವನು ಓಡಿಹೋಗ್ತಿಲ್ಲ. ಅವನು ಕೆಲ್ಸ ಮಾಡ್ತಾ ಇದಾನೆ."

"ಏನ್ ಕೆಲ್ಸ ಚಾಚಾ?"

"ನೀವು ಎರಡೂ ಕೈಲಿ ಗಟ್ಟಿ ಹಿಡೀತೀರಲ್ಲ, ಟ್ರ್ಯಾಕಲ್ಲಿ ಅದೇ ಸಾರ್ 'ರೆಡಿ, ಹೋಗೋಣ' ಅಂತ. ರೈಡಿಂಗ್ ಬಾಯ್ ಹಂಗೇ ಹಿಡಿಯೋದು. ಮುಂದೆ ಒಂದು ಕುದುರೆ ಹೋಗ್ತಿದೆ, ಮೇಲಿರೋನು ಗಟ್ಟಿ ಹಿಡ್ದ, ಸೀಟಿಂದ ಎದ್ದ. ಇನ್ನೇನು ಮಾಡ್ಬೇಕು ಅವನು?"

ನಾನು ಏನೂ ಹೇಳಲಿಲ್ಲ. ಹೇಳಲು ಏನಿತ್ತು?

ಈ ಮಾತನ್ನು ಸ್ವಲ್ಪ ಬಿಡಿಸಬೇಕು. ರೇಸ್ ಕುದುರೆಗಳನ್ನು ಮುಂಜಾವಿನಲ್ಲಿ ಸಾಲಾಗಿ, ಜೊತೆಜೊತೆಯಾಗಿ ಓಡಿಸಿ ತಯಾರು ಮಾಡುತ್ತಾರೆ. ಎರಡು ವರ್ಷಕ್ಕೇ ಈ ಪಾಠ ಶುರು. ಸವಾರ ಎರಡು ಲಗಾಮನ್ನೂ ಕತ್ತಿನ ಮೇಲೆ ಒಂದರ ಮೇಲೊಂದು ಹಾಕಿ ಸೇತುವೆ ಮಾಡಿ ಹಿಡಿಯುತ್ತಾನೆ, ಕುದುರೆ ಅದಕ್ಕೆ ಒರಗಿಕೊಂಡು ಓಡುತ್ತದೆ. ಗಟ್ಟಿ ಹಿಡಿತ ಅಲ್ಲಿ ಬ್ರೇಕ್ ಅಲ್ಲ, ಆಸರೆ. ಕೊನೆಗೆ ಲಗಾಮು ಸಡಿಲ ಬಿಟ್ಟು ಸವಾರ ಸುಮ್ಮನೆ ಕೂತಾಗ ಕುದುರೆ ತಾನಾಗಿ ನಿಧಾನವಾಗುತ್ತದೆ. ನಾವು ಮಾಡುತ್ತಿದ್ದುದು ಪೂರಾ ಉಲ್ಟಾ. ಭಯಕ್ಕೆ ಲಗಾಮು ಬಿಗಿಯುತ್ತಿದ್ದೆವು, ಭಯಕ್ಕೇ ಮುಂದಕ್ಕೆ ಬಾಗುತ್ತಿದ್ದೆವು. ಅವನ ಭಾಷೆಯಲ್ಲಿ "ಬೇಗ, ಇನ್ನೂ ಬೇಗ" ಎಂದು ಕೂಗುತ್ತಿದ್ದೆವು.

ನಮ್ಮ ನಾಡಿನಲ್ಲಿ ಸವಾರಿ ಕುದುರೆ ಎಂದರೆ ಬಹುಪಾಲು ರೇಸ್ ಬಿಟ್ಟ ಥರೋಬ್ರೆಡ್ಡೇ. ಬೆಂಗಳೂರು, ಮೈಸೂರು ಎರಡೂ ಕಡೆ ರೇಸ್ ಕೋರ್ಸ್ ಇದೆ, ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್ ಹತ್ತಿರದಲ್ಲೇ ಇದೆ. ನಿವೃತ್ತ ಕುದುರೆ ಕಡಿಮೆ ಬೆಲೆಗೆ ಸಿಗುತ್ತದೆ. ಆದ್ದರಿಂದ ನಿಮ್ಮ ಕುದುರೆಯ ಹಿಂದಿನ ಕಥೆ ಕೇಳಿ ತಿಳಿದುಕೊಳ್ಳಿ. ರೇಸ್ ಕುದುರೆಯಾಗಿದ್ದರೆ, ಹಿಂದೆ ಉಳಿದಾಗ ಓಡುತ್ತಿದ್ದರೆ, ಎಳೆದಷ್ಟೂ ಜೋರಾಗುತ್ತಿದ್ದರೆ, ನಿಮ್ಮದೂ ಇದೇ ಕೇಸು.

ಪರೀಕ್ಷೆ ಸುಲಭ. ಅರೀನಾದೊಳಗೆ, ಶಾಂತ ಕುದುರೆಯೊಂದು ಮುಂದೆ ಟ್ರಾಟ್ ಮಾಡುತ್ತಿರುವಾಗ, ಲಗಾಮನ್ನು ಒಂದು ಅಂಗುಲ ಬಿಟ್ಟು, ಉಸಿರು ಬಿಟ್ಟು, ಜೀನಿನಲ್ಲಿ ಭಾರವಾಗಿ ಕೂತು ನೋಡಿ. ಕುದುರೆ ನಿಧಾನವಾದರೆ ನಿಮಗೆ ಉತ್ತರ ಸಿಕ್ಕಿತು. ಕರಿಯ ನಾಲ್ಕು ಹೆಜ್ಜೆಯಲ್ಲಿ ನಡಿಗೆಗೆ ಇಳಿದ. ನಾನು ಜೂಲಿಗೆ ಮುಖ ಇಟ್ಟುಕೊಂಡು ನಕ್ಕುಬಿಟ್ಟೆ.

ಮರುಪಾಠ

ಇಲ್ಲಿ ಆತುರ ಮಾಡಿದವರು ಮತ್ತೆ ಮೊದಲಿಗೇ ಬರುತ್ತಾರೆ. ನಮಗೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ನೆಲದ ಮೇಲೆ ನಿಂತೇ ಕಲಿಸಿ: ಲಗಾಮಿಗೆ ಚೂರು ಒತ್ತಡ, ಒಂದು ಹೆಜ್ಜೆ ಹಿಂದೆ, ತಕ್ಷಣ ಬಿಡುವುದು. ಆಮೇಲೆ ಹತ್ತಿ, ನಡಿಗೆಯಲ್ಲಿ ಅದನ್ನೇ. ಒತ್ತಡ ಅಂದರೆ ನಿಲ್ಲು, ನಿಂತರೆ ಬಿಡುಗಡೆ. ಪ್ರತಿ ಸಲ ಬಿಡುಗಡೆ ಸಿಗಲೇಬೇಕು. ಎಳೆದ ಕೈಯನ್ನು ಬಿಡದ ಸವಾರನಿಗೆ ಕುದುರೆ ಯಾಕೆ ನಿಲ್ಲಬೇಕು ಹೇಳಿ.

ನಂತರ ಒಂದೇ ಒಂದು ಜೊತೆ. ನಮ್ಮಲ್ಲಿ ಗೌರಿ ಎಂಬ ಮುದಿ ಹೆಣ್ಣು ಕುದುರೆ ಇದ್ದಾಳೆ, ಪಕ್ಕದಲ್ಲಿ ಬುಲೆಟ್ ಬೈಕ್ ಪಟಪಟ ಎಂದರೂ ಹುಲ್ಲು ಹುಡುಕುತ್ತಾಳೆ. ಮೂರು ವಾರ ಅವಳ ಜೊತೆ ನಡಿಗೆ ಮಾತ್ರ. ಅವಳು ಮುಂದೆ, ಇವನು ಹಿಂದೆ. ಇವನು ದಾಟಿ ಮುಂದೆ, ಅವಳು ಹಿಂದೆ. ಜೋಡಿಯಾಗಿ. ಹತ್ತು ಮೀಟರ್ ದೂರ, ಮತ್ತೆ ಹತ್ತಿರ. ಒಂದು ಮರದ ಆ ಕಡೆ ಅವಳು, ಈ ಕಡೆ ಇವನು. ಮುಂದಿನ ಬಾಲ ದೂರ ಹೋದರೆ ಪ್ರಪಂಚ ಮುಳುಗುವುದಿಲ್ಲ, ಅದು ವಾಪಸ್ ಬರುತ್ತದೆ ಎಂಬುದನ್ನು ಇವನ ಕಾಲಿಗೆ ಗೊತ್ತುಮಾಡಬೇಕಿತ್ತು.

ಮೈಸೂರಿನಲ್ಲಿ ದಸರಾಕ್ಕೆ ಮುಂಚೆ ಆನೆಗಳ ಜೊತೆ ಅಶ್ವಾರೋಹಿ ಪೊಲೀಸ್ ದಳದ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪಿನ ತಾಲೀಮು ಮಾಡುತ್ತಾರಲ್ಲ, ತತ್ವ ಅದೇ. ಹೆದರುವ ವಸ್ತುವನ್ನು ದೂರದಿಂದ, ಮತ್ತೆ ಮತ್ತೆ, ಕುದುರೆ ತಡೆದುಕೊಳ್ಳುವಷ್ಟೇ ಕೊಡುವುದು. ನಮಗೆ ತೋಪಿನ ಜಾಗದಲ್ಲಿ ಗೌರಿಯ ಬಾಲ.

ಟ್ರಾಟ್‌ನಲ್ಲೂ ಇದೇ ಆದ ಮೇಲೆ ಕ್ಯಾಂಟರ್. ಇಲ್ಲಿ ಕ್ರಮ ಮುಖ್ಯ. ಮೊದಲು ಇವನು ಮುಂದೆ, ದಿಬ್ಬದ ಮೇಲಕ್ಕೆ, ಮನೆಗೆ ಬೆನ್ನು ಮಾಡಿ, ಇಪ್ಪತ್ತು ಹೆಜ್ಜೆ. ಆಮೇಲೆ ಜೋಡಿಯಾಗಿ. ಹಿಂದೆ ಇಟ್ಟುಕೊಂಡು ಕ್ಯಾಂಟರ್ ಮಾಡಿದ್ದು ಕೊನೆಗೆ, ಮೂರನೇ ತಿಂಗಳ ಕೊನೆಯಲ್ಲಿ. ನಿಲ್ಲಿಸುವ ಜಾಗವನ್ನು ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. "ಆ ನೀಲಗಿರಿ ಮರದ ಹತ್ತಿರ ನಡಿಗೆ" ಅಂದರೆ ಅಲ್ಲೇ ನಡಿಗೆ. ಕುದುರೆ ಬಿಸಿಯಾಗುವ ಮೊದಲೇ ಇಳಿಸಿಬಿಡಿ. ಒಂದೇ ಜಾಗದಲ್ಲಿ ಎರಡು ಸಲ ಕ್ಯಾಂಟರ್ ಮಾಡಬೇಡಿ. ಮನೆ ಹತ್ತಿರದ ಕೊನೆಯ ಒಂದು ಕಿಲೋಮೀಟರ್ ಯಾವಾಗಲೂ ನಡಿಗೆ, ಒಮ್ಮೊಮ್ಮೆ ಗೇಟು ದಾಟಿ ಮುಂದೆ ಹೋಗಿ ತಿರುಗಿ ಬನ್ನಿ. ಬಂದ ಕೂಡಲೇ ಕಾಳು ಇಡಬೇಡಿ.

ಎರಡು ಕುದುರೆ ಸರಿಯಾದರೆ ಮೂರು. ಮೂರರಲ್ಲಿ ಕೆಟ್ಟರೆ ಎರಡಕ್ಕೆ ವಾಪಸ್, ನಾಚಿಕೆ ಏನಿಲ್ಲ. ನಾವು ಎರಡು ಸಲ ವಾಪಸ್ ಹೋದೆವು.

ಕತ್ತಿಗೆ ಒಂದು ಚರ್ಮದ ಪಟ್ಟಿ ಹಾಕಿಕೊಳ್ಳಿ. ಭಯವಾದಾಗ ಒಂದು ಬೆರಳು ಅದರಲ್ಲಿ ಸಿಕ್ಕಿಸಿದರೆ ಕೈ ಲಗಾಮಿಗೆ ಜೋತುಬೀಳುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಬೇರೆ ನಿರಾಳ ಸವಾರರನ್ನು ಹತ್ತಿಸಿ ನೋಡಿ. ಅವರ ಕೈಯಲ್ಲಿ ಸರಿಯಿದ್ದು ನಿಮ್ಮ ಕೈಯಲ್ಲಿ ಓಡಿದರೆ, ದೋಷ ಎಲ್ಲಿದೆ ಎಂದು ನಾನು ಬಾಯಿಬಿಟ್ಟು ಹೇಳಬೇಕಿಲ್ಲ. ನನ್ನ ವಿಷಯದಲ್ಲಿ ಅದೂ ಸ್ವಲ್ಪ ಇತ್ತು.

ಕಡಿವಾಣ ಬದಲಾಯಿಸಲಾ?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು, ಅದಕ್ಕೇ ಕೊನೆಗೆ ಇಟ್ಟೆ. ಬಿರುಸಾದ ಕಡಿವಾಣ ಮೊದಲ ಎರಡು ಸವಾರಿಗೆ ಜಾದೂ ಮಾಡುತ್ತದೆ. ಮೂರನೆಯದಕ್ಕೆ ಕುದುರೆ ಅದಕ್ಕೂ ಒಗ್ಗಿಕೊಳ್ಳುತ್ತದೆ, ಅಥವಾ ನೋವಿಗೆ ಬೆದರಿ ತಲೆ ಮೇಲೆತ್ತಿ ಇನ್ನೂ ಜೋರಾಗಿ ಓಡುತ್ತದೆ. ನಾವು ಸ್ನಾಫಲ್ (ಸಾದಾ ಕಡಿವಾಣ) ಬಿಟ್ಟು ಪೆಲ್ಹಾಮ್ (ಸನ್ನೆಯಂತೆ ಒತ್ತುವ ಬಿರುಸಾದದ್ದು) ಹಾಕಿ, ಅದನ್ನೂ ಬಿಟ್ಟು, ಕೊನೆಗೆ ಮೆತ್ತನೆಯ ಸ್ನಾಫಲ್‌ಗೇ ಬಂದೆವು. ಪಾಠ ನಡೆಯುವಾಗ ಜೀವ ಉಳಿಸಿಕೊಳ್ಳಲು ಸ್ವಲ್ಪ ಬಲವಾದದ್ದು ಬೇಕೆನಿಸಿದರೆ, ಅದನ್ನು ಹಗುರ ಕೈಯಲ್ಲಿ ಬಳಸುವವರ ಹತ್ತಿರ ಕೇಳಿ ಹಾಕಿ. ಟಾಂಗಾ, ಮದುವೆ ಕುದುರೆಗಳಿಗೆ ಹಾಕುವ ಮುಳ್ಳಿನ ಕಡಿವಾಣ ಮಾತ್ರ ಮನೆಯೊಳಗೇ ಬರಬಾರದು. ನಾಲಿಗೆ ಹರಿಯುತ್ತದೆ. ಭಾರ ಎಳೆಯುವ, ಹೊರುವ ಪ್ರಾಣಿಗಳ 1965ರ ನಿಯಮಗಳಲ್ಲೇ ಮುಳ್ಳು ಕಡಿವಾಣಕ್ಕೆ ನಿಷೇಧವಿದೆ.

ಜೊತೆಯವರಿಗೆ ಹೇಳಿಬಿಡಿ

ಅರ್ಧ ತೊಂದರೆ ಜೊತೆಯವರದು. ಕೇಳದೆ ಕ್ಯಾಂಟರ್ ಹೊಡೆಯುವವರು, ಹಿಂದಿನವರು ಹತ್ತುವ ಮುಂಚೆಯೇ ಹೊರಡುವವರು, ರಸ್ತೆ ದಾಟಿ ಕಾಯದೆ ಮುಂದೆ ಹೋಗುವವರು. ಇವರ ಜೊತೆ ಎಂಥ ಕುದುರೆಯೂ ಕೆಡುತ್ತದೆ. ಹೊರಡುವ ಮುಂಚೆ ಮುಖಕ್ಕೆ ಹೇಳಿ: ಎಲ್ಲರೂ ಹತ್ತಿದ ಮೇಲೆ ಹೊರಡೋಣ, ವೇಗ ಹೆಚ್ಚಿಸುವ ಮುಂಚೆ ಹಿಂದೆ ತಿರುಗಿ ಕೇಳಿ, ಒಂದು ಕುದುರೆ ಉದ್ದದ ಅಂತರ ಇರಲಿ, ನಾನು ಕೈ ಎತ್ತಿದರೆ ಎಲ್ಲರೂ ನಡಿಗೆ. ಒಪ್ಪದವರ ಜೊತೆ ಹೋಗಬೇಡಿ. ಒಬ್ಬ ಹಳೇ ಗೆಳೆಯನ ಜೊತೆ ನಾನು ಹೋಗುವುದನ್ನೇ ಬಿಟ್ಟೆ. ಅವನಿಗೆ ಇವತ್ತಿಗೂ ಸಿಟ್ಟಿದೆ.

ಎಲ್ಲಿ ನಿಲ್ಲಿಸಬೇಕು

ನೋವು ನೋಡಿಯಾಯಿತು, ಮೇವು ಸರಿಯಾಯಿತು, ಆರು ತಿಂಗಳು ಪಾಠವಾಯಿತು, ಆದರೂ ನಡಿಗೆಯಲ್ಲೇ, ಒಂದೇ ಜೊತೆಯಲ್ಲೇ ಕಿತ್ತುಕೊಳ್ಳುತ್ತಿದ್ದರೆ ಆ ಕುದುರೆಗೆ ಗುಂಪಿನ ಸವಾರಿ ಆಗುವುದಿಲ್ಲ. ಅರೀನಾದಲ್ಲಿ, ಒಂಟಿ ಸವಾರಿಯಲ್ಲಿ ಅದು ಚೆನ್ನಾಗಿ ಬಾಳಬಹುದು. ಮಾರುವುದಾದರೆ ಓಡುತ್ತದೆ ಎಂದು ಹೇಳಿ ಮಾರಿ. ಹೊಸಬರಿಗೆ, ಮಕ್ಕಳಿಗೆ ಕೊಡಲೇಬೇಡಿ. ಕುರುಡು ಓಟದ ಕುದುರೆಯನ್ನಂತೂ ಸವಾರಿಗೆ ಎಂದು ಯಾರಿಗೂ ದಾಟಿಸಬಾರದು.

ಕರಿಯ ಈಗ ನಾಲ್ಕು ಕುದುರೆಯ ಗುಂಪಿನಲ್ಲಿ ಎಲ್ಲಿ ಬೇಕಾದರೂ ನಡೆಯುತ್ತಾನೆ. ಕ್ಯಾಂಟರ್‌ನಲ್ಲಿ ಮುಂದೆ ಅಥವಾ ಜೋಡಿಯಲ್ಲಿ ಇಡುತ್ತೇನೆ, ತೀರಾ ಹಿಂದೆ ಇಡುವುದಿಲ್ಲ. ಐದನೇ ಕುದುರೆ ಬಂದ ದಿನ ನಾನು ಗೌರಿಯನ್ನು ಹತ್ತುತ್ತೇನೆ, ಅವನು ಲಾಯದಲ್ಲಿ ನಿಂತು ಹುಲ್ಲು ತಿನ್ನುತ್ತಾನೆ. ಮೊನ್ನೆ ಹಾಗೆ ಬಿಟ್ಟು ಹೊರಟಾಗ ಗೇಟಿನವರೆಗೂ ಕೇಳುವಂತೆ ಕೆನೆದ. ಚಾಚಾ ಸೊಪ್ಪಿನ ಕಟ್ಟು ಹಾಕಿದ ಮೇಲೆ ಸುಮ್ಮನಾದನಂತೆ.